ಕಹಿಗೆ ಹೆಸರಿಟ್ಟ ಸಲೀಮುಜ್ಜಮಾನ್ ಸಿದ್ದಿಕಿ

ಯುಗಾದಿಗೆ ಬೇವು ಕುಡಿಯೋದು, ಇಳಕಲ್ ಸೀರೆ ಇಟ್ಟ ಟ್ರಂಕಿನಾಗ ಒಣಗಿದ ಬೇವಿನ ಎಲೆ ಹಾಕೋದು, ದಾಳಿಂಬೆ ಗಿಡಕ್ಕೆ ಬೇವಿನ ಬೀಜದ ಕಷಾಯ ಹೊಡೆಯೋದು. ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆಯವರಿಗೆ ಇದ್ಯಾವುದೂ ಹೊಸದಲ್ಲ. ಬಾಗಲಕೋಟೆ ತಾಲ್ಲೂಕಿನ ಒಂದು ಊರಿನ ಹೆಸರೇ ಬೇವೂರು! ಆದರೆ ಬೇವಿನೊಳಗಿನ ಆ ಕಹಿ ಅಂದ್ರೆ ಏನು? ಆ ಪ್ರಶ್ನೆಯನ್ನು ಲ್ಯಾಬಿನಲ್ಲಿ ಬೆನ್ನುಹತ್ತಿದವರು ಡಾ. ಸಲೀಮುಜ್ಜಮಾನ್ ಸಿದ್ದಿಕಿ.

ಅವರು ಹುಟ್ಟಿದ್ದು 1897ರ ಅಕ್ಟೋಬರ್ 19ರಂದು, ಈಗಿನ ಉತ್ತರ ಪ್ರದೇಶದ ಬಾರಾಬಂಕಿ ಜಿಲ್ಲೆಯಲ್ಲಿ. ಅಲಿಗಢದಲ್ಲಿ ಓದಿದ್ದು ತತ್ವಶಾಸ್ತ್ರ ಮತ್ತು ಪರ್ಶಿಯನ್. 1920ರಲ್ಲಿ ಲಂಡನ್ನಿಗೆ ಹೋಗಿದ್ದು ವೈದ್ಯಕೀಯಕ್ಕೆ. ವರ್ಷದೊಳಗೇ ಅದನ್ನು ಬಿಟ್ಟು ಜರ್ಮನಿಯ ಫ್ರಾಂಕ್‌ಫರ್ಟಿಗೆ ಹೋಗಿ ರಸಾಯನಶಾಸ್ತ್ರ ಹಿಡಿದರು. 1927ರಲ್ಲಿ ಡಾಕ್ಟರೇಟ್ ಬಂತು. ನಡುವೆ 1924ರಲ್ಲಿ ತಾವು ಬಿಡಿಸಿದ ಚಿತ್ರಗಳ ಪ್ರದರ್ಶನವನ್ನೂ ಮಾಡಿದ್ದರು. ಬೇಕಾದ ಬ್ರಾಂಚ್ ಸಿಗಲಿಲ್ಲ, ಬದುಕೇ ಮುಗೀತು ಅಂತ ಕೂತವರು ಇದನ್ನೊಮ್ಮೆ ನೋಡಬೇಕು.

ದೇಶಕ್ಕೆ ಮರಳಿದ ಮೇಲೆ, ಪ್ರಸಿದ್ಧ ಯುನಾನಿ ವೈದ್ಯ ಹಕೀಂ ಅಜ್ಮಲ್ ಖಾನರ ಒತ್ತಾಸೆಯಿಂದ ದಿಲ್ಲಿಯಲ್ಲಿ ಆಯುರ್ವೇದ ಮತ್ತು ಯುನಾನಿ ಔಷಧಗಳ ಸಂಶೋಧನಾ ಸಂಸ್ಥೆ ಕಟ್ಟಿದರು. 1931ರಲ್ಲಿ ಸರ್ಪಗಂಧಿಯ ಬೇರಿನಿಂದ ಒಂದು ಆಲ್ಕಲಾಯ್ಡ್ ಬೇರ್ಪಡಿಸಿ, ಅಷ್ಟರಲ್ಲಿ ತೀರಿಕೊಂಡಿದ್ದ ಆ ಹಕೀಮರ ನೆನಪಿಗೆ ಅಜ್ಮಲೀನ್ ಅಂತ ಹೆಸರಿಟ್ಟರು. ಬ್ರುಗಾಡ ಎಂಬ ಹೃದಯದ ತೊಂದರೆ ಪತ್ತೆಮಾಡಲು ವೈದ್ಯರು ಇವತ್ತಿಗೂ ಅದನ್ನು ಬಳಸುತ್ತಾರೆ.

ಬೇವಿನ ಸರದಿ ಬಂದಿದ್ದು 1942ರಲ್ಲಿ. ಬೇವಿನೆಣ್ಣೆಯಲ್ಲಿ ಹತ್ತಾರು ವಸ್ತು ಕಲಸಿಕೊಂಡಿರುತ್ತವೆ. ಒಂದು ಈಥರಿನಲ್ಲಿ ಕರಗಿದರೆ ಇನ್ನೊಂದು ಆಲ್ಕೋಹಾಲಿನಲ್ಲಿ ಕರಗುತ್ತದೆ. ಈ ವ್ಯತ್ಯಾಸವನ್ನೇ ಹಿಡಿದು, ದ್ರಾವಕಗಳನ್ನು ಒಂದಾದ ಮೇಲೊಂದು ಬಳಸಿ ಸಿದ್ದಿಕಿ ಮೂರು ಕಹಿ ವಸ್ತುಗಳನ್ನು ಹೊರತೆಗೆದರು: ನಿಂಬಿನ್, ನಿಂಬಿನಿನ್, ನಿಂಬಿಡಿನ್. ಬೇವಿನ ಸಂಸ್ಕೃತ ಹೆಸರಾದ ನಿಂಬ ಹೀಗೆ ರಸಾಯನಶಾಸ್ತ್ರದ ಪುಸ್ತಕ ಸೇರಿತು. ಹುಳಗಳ ಹಸಿವು ಕೆಡಿಸಿ, ಅವು ಪೊರೆ ಬಿಡುವುದನ್ನು ತಡೆಯುವ ಅಜಾಡಿರಾಕ್ಟಿನ್ ಕೈಗೆ ಸಿಕ್ಕಿದ್ದು 1968ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮ ರೈತರ ಕಷಾಯದ ಗುಟ್ಟು ಮುಖ್ಯವಾಗಿ ಅದೇ.

1951ರಲ್ಲಿ ಸಿದ್ದಿಕಿ ಪಾಕಿಸ್ತಾನಕ್ಕೆ ಹೋದರು. ಅಲ್ಲಿನ ವಿಜ್ಞಾನ ಸಂಸ್ಥೆಗಳನ್ನು ಕಟ್ಟಿದರು, 1961ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1994ರ ಏಪ್ರಿಲ್ 14ರಂದು ಕರಾಚಿಯಲ್ಲಿ ತೀರಿಕೊಂಡರು. ಗಡಿ ದಾಟಿದರು ಅನ್ನೋ ಕಾರಣಕ್ಕೆ ನಾವು ಅವರನ್ನು ಮರೆತರೆ ನಷ್ಟ ನಮಗೇ, ಯಾಕಂದ್ರೆ ಅಜ್ಮಲೀನ್, ನಿಂಬಿನ್ ಎರಡೂ ಈ ನೆಲದಲ್ಲೇ ಆದ ಕೆಲಸ.

ಅಜ್ಜಿಯ ಮದ್ದನ್ನು ಸಿದ್ದಿಕಿ ಕಣ್ಣುಮುಚ್ಚಿ ನಂಬಲಿಲ್ಲ, ಮೂಢನಂಬಿಕೆ ಅಂತ ತಳ್ಳಿಯೂ ಹಾಕಲಿಲ್ಲ. ಬೇರ್ಪಡಿಸಿ ನೋಡಿದರು. ಹಾಸ್ಟೆಲ್ ಹಿಂದಿನ ಗಿಡಗಳಲ್ಲಿ ಹಾಗೆ ನೋಡಬೇಕಾದದ್ದು ಇನ್ನೂ ಬೇಕಾದಷ್ಟಿದೆ.