ಸ್ವ್ಯಾತೊಸ್ಲಾವ್ ಫ್ಯೊದೊರೊವ್

ಸ್ವ್ಯಾತೊಸ್ಲಾವ್ ನಿಕೊಲಾಯೆವಿಚ್ ಫ್ಯೊದೊರೊವ್ (ಆಗಸ್ಟ್ ೮, ೧೯೨೭ - ಜೂನ್ ೨, ೨೦೦೦) ಸೋವಿಯತ್ ಒಕ್ಕೂಟದ ಮತ್ತು ಆ ಬಳಿಕ ರಷ್ಯಾದ ಪ್ರಸಿದ್ಧ ನೇತ್ರ ಶಸ್ತ್ರವೈದ್ಯರು, ಸಂಸ್ಥೆ ಕಟ್ಟಿದವರು, ರಾಜಕಾರಣಿ. ಸೋವಿಯತ್ ಒಕ್ಕೂಟದಲ್ಲಿ ಮೊದಲ ಬಾರಿಗೆ ಕಣ್ಣಿನೊಳಗೆ ಕೃತಕ ಮಸೂರವನ್ನು ಕೂರಿಸಿದವರು ಇವರು. ಸಮೀಪದೃಷ್ಟಿ ಇರುವವರು ಕನ್ನಡಕವನ್ನು ತ್ಯಜಿಸುವಂತೆ ಮಾಡಲು ಕಾರ್ನಿಯದ ಮೇಲೆ ಕಿರಣಾಕಾರದ ಗೀರುಗಳನ್ನು ಕೊಯ್ಯುವ ಶಸ್ತ್ರಚಿಕಿತ್ಸೆಯನ್ನು ರೂಢಿಗೆ ತಂದು ವಿಶ್ವಖ್ಯಾತರಾದರು. ಈ ಚಿಕಿತ್ಸೆ ಇಂದು ಬಹುಮಟ್ಟಿಗೆ ಕೈಬಿಟ್ಟುಹೋಗಿದ್ದು, ಅದರ ಸ್ಥಾನವನ್ನು ಲೇಸರ್ ಆಕ್ರಮಿಸಿದೆ. ಆದರೂ ಆರೋಗ್ಯವಾಗಿರುವ ಕಣ್ಣನ್ನು ಕೇವಲ ಕನ್ನಡಕ ಬೇಡವೆಂಬ ಕಾರಣಕ್ಕೆ ಕೊಯ್ಯಬಹುದೇ ಎಂಬ ಪ್ರಶ್ನೆ ಜನಸಾಮಾನ್ಯರ ನಡುವೆ ಚರ್ಚೆಗೆ ಬಂದುದರಲ್ಲಿ ಇವರ ಪಾತ್ರ ದೊಡ್ಡದು.

ಬಾಲ್ಯ ಮತ್ತು ಶಿಕ್ಷಣ

ಫ್ಯೊದೊರೊವ್ ಹುಟ್ಟಿದ್ದು ಉಕ್ರೇನಿನ ಪ್ರೊಸ್ಕುರೊವ್ ಪಟ್ಟಣದಲ್ಲಿ. ಇದರ ಇಂದಿನ ಹೆಸರು ಖ್ಮೆಲ್ನಿತ್ಸ್ಕಿ. ತಂದೆ ಕೆಂಪುಸೇನೆಯಲ್ಲಿ ಡಿವಿಷನ್ ದಂಡನಾಯಕರಾಗಿದ್ದರು. ಸ್ಟಾಲಿನ್ ಕಾಲದ ದಮನದಲ್ಲಿ ೧೯೩೮ರಲ್ಲಿ ಅವರ ಬಂಧನವಾಯಿತು. ಹದಿನೇಳು ವರ್ಷ ಶಿಕ್ಷೆಯ ಶಿಬಿರಗಳಲ್ಲಿ ಕಳೆಯಬೇಕಾಯಿತು. ಜನದ್ರೋಹಿಯ ಮಗನೆಂಬ ಹಣೆಪಟ್ಟಿ ಹೊತ್ತು ಬೆಳೆದ ಹುಡುಗ ವಿಮಾನ ಚಾಲಕನಾಗುವ ಕನಸು ಕಟ್ಟಿಕೊಂಡು ಯುದ್ಧದ ದಿನಗಳಲ್ಲಿ ವಾಯುಪಡೆಯ ಪೂರ್ವಸಿದ್ಧತಾ ಶಾಲೆಯನ್ನು ಸೇರಿದನು. ೧೯೪೫ರಲ್ಲಿ ರೊಸ್ತೊವ್ ನಗರದಲ್ಲಿ ಟ್ರಾಮ್ ಅಪಘಾತಕ್ಕೆ ಸಿಲುಕಿ ಎಡಗಾಲಿನ ಪಾದವನ್ನು ಕಳೆದುಕೊಂಡ ಮೇಲೆ ಆ ಕನಸು ಮುಗಿಯಿತು. ಮುಂದೆ ಜೀವನವಿಡೀ ಕೃತಕ ಕಾಲಿನಲ್ಲಿ ನಡೆದರು. ಅದರಲ್ಲೇ ಕುದುರೆ ಸವಾರಿಯನ್ನೂ ಮಾಡುತ್ತಿದ್ದರು.

ರೊಸ್ತೊವ್ ವೈದ್ಯಕೀಯ ವಿದ್ಯಾಲಯದಿಂದ ೧೯೫೨ರಲ್ಲಿ ಪದವಿ ಪಡೆದು, ವೆಶೆನ್ಸ್ಕಾಯ ಎಂಬ ಕೊಸಾಕ್ ಹಳ್ಳಿಯಲ್ಲೂ ಅನಂತರ ಉರಾಲ್ ಪ್ರದೇಶದ ಲೀಸ್ವ ಪಟ್ಟಣದಲ್ಲೂ ನೇತ್ರವೈದ್ಯರಾಗಿ ದುಡಿದರು. ೧೯೫೮ರಲ್ಲಿ ವೋಲ್ಗಾ ತೀರದ ಚೆಬೊಕ್ಸರಿಯಲ್ಲಿದ್ದ ಹೆಲ್ಮ್‌ಹೋಲ್ಟ್ಸ್ ನೇತ್ರ ಸಂಶೋಧನಾ ಸಂಸ್ಥೆಯ ಶಾಖೆಗೆ ಬಂದರು.

ಕೃತಕ ಮಸೂರ

ಕಣ್ಣಿನ ಪೊರೆಯನ್ನು ತೆಗೆದ ಮೇಲೆ ರೋಗಿಗೆ ದಪ್ಪ ಗಾಜಿನ ಕನ್ನಡಕ ಕೊಡುವುದೇ ಆಗಿನ ವಾಡಿಕೆ. ಲಂಡನ್ನಿನ ಹೆರಾಲ್ಡ್ ರಿಡ್ಲಿ ೧೯೪೯ರಲ್ಲಿ ಪ್ಲಾಸ್ಟಿಕ್ ಮಸೂರವನ್ನು ಕಣ್ಣಿನೊಳಗೇ ಇಟ್ಟು ಹೊಸ ಹಾದಿ ತೋರಿದ್ದರು. ಸಹೋದ್ಯೋಗಿಗಳಿಂದ ಅವರು ಪಡೆದದ್ದು ಹೆಚ್ಚಾಗಿ ಮೂದಲಿಕೆಯೇ. ಈ ಪ್ರಯೋಗದಿಂದ ಪ್ರೇರಿತರಾದ ಫ್ಯೊದೊರೊವ್ ೧೯೬೦ರಲ್ಲಿ ಸ್ಥಳೀಯವಾಗಿಯೇ ಮಸೂರ ತಯಾರಿಸಿ ಶಾಲಾ ಬಾಲಕಿಯೊಬ್ಬಳ ಕಣ್ಣಿಗೆ ಅಳವಡಿಸಿದರು. ಚಿಕಿತ್ಸೆ ಫಲಿಸಿತು. ಆದರೆ ಶಾಖೆಯ ಆಡಳಿತ ಇದನ್ನು ಅವೈಜ್ಞಾನಿಕವೆಂದು ಸಾರಿ ಅವರನ್ನು ಕೆಲಸದಿಂದ ತೆಗೆದುಹಾಕಿತು. ಇಜ್ವೆಸ್ತಿಯಾ ಪತ್ರಿಕೆಯ ಅನತೊಲಿ ಅಗ್ರನೊವ್ಸ್ಕಿಯವರ ಮಧ್ಯಪ್ರವೇಶದ ಬಳಿಕ ಮರುನೇಮಕವಾಯಿತು. ಪತ್ರಿಕೆಯ ಬಲವೇನೆಂಬುದನ್ನು ಫ್ಯೊದೊರೊವ್ ಅರಿತದ್ದು ಆಗಲೇ ಇರಬೇಕು; ಮುಂದೆ ಅವರು ಪತ್ರಕರ್ತರಿಂದ ದೂರವಿದ್ದುದು ಅಪರೂಪ.

೧೯೬೧ರಲ್ಲಿ ಉತ್ತರದ ಅರ್ಖಾಂಗೆಲ್ಸ್ಕ್ ವೈದ್ಯಕೀಯ ವಿದ್ಯಾಲಯಕ್ಕೆ ಹೋಗಿ ನೇತ್ರ ವಿಭಾಗದ ಮುಖ್ಯಸ್ಥರಾದರು. ೧೯೬೭ರಲ್ಲಿ ಮಾಸ್ಕೊಗೆ ಬಂದರು. ವಾಲೆರಿ ಜಖಾರೊವ್ ಅವರೊಡನೆ ರೂಪಿಸಿದ, ಕಣ್ಣಿನ ಪಾಪೆಗೆ ಸಿಕ್ಕಿಸುವ ಮಸೂರವು ಸ್ಪುಟ್ನಿಕ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಸಮೀಪದೃಷ್ಟಿ ಮತ್ತು ಕಿರಣಾಕಾರದ ಕೊಯ್ತ

ಸಮೀಪದೃಷ್ಟಿಯುಳ್ಳ ಕಣ್ಣಿನ ಗುಡ್ಡೆ ಸಾಮಾನ್ಯವಾಗಿ ಇರಬೇಕಾದುದಕ್ಕಿಂತ ಉದ್ದವಾಗಿರುತ್ತದೆ. ಆದ್ದರಿಂದ ದೂರದ ವಸ್ತುವಿನ ಬಿಂಬವು ಅಕ್ಷಿಪಟಲದ ಮೇಲೆ ಬೀಳದೆ ಅದರ ಮುಂದೆಯೇ ಮೂಡುತ್ತದೆ. ಇದನ್ನು ಸರಿಪಡಿಸಲು ನಿಮ್ನ ಮಸೂರದ ಕನ್ನಡಕ ಸಾಕು. ಆದರೆ ಕಣ್ಣಿನ ಬೆಳಕು ಬಾಗಿಸುವ ಶಕ್ತಿಯ ಸುಮಾರು ಮೂರನೇ ಎರಡು ಪಾಲು ಕಾರ್ನಿಯದಲ್ಲೇ ಇರುವುದರಿಂದ, ಅದರ ಉಬ್ಬನ್ನು ತುಸು ತಗ್ಗಿಸಿದರೆ ಕನ್ನಡಕವೇ ಬೇಕಾಗದು ಎಂಬ ಆಲೋಚನೆ ಹತ್ತೊಂಬತ್ತನೆಯ ಶತಮಾನದಿಂದಲೂ ಇತ್ತು.

ಜಪಾನಿನ ತ್ಸುತೊಮು ಸಾತೊ ೧೯೩೦ರ ದಶಕದ ಕೊನೆಯಿಂದ ಇದನ್ನು ಮನುಷ್ಯರ ಮೇಲೆ ಪ್ರಯೋಗಿಸಿದರು. ಕಾರ್ನಿಯದ ಹೊರಮೈಯಲ್ಲಷ್ಟೇ ಅಲ್ಲದೆ ಒಳಮೈಯಲ್ಲೂ ಅವರು ಗೀರುಗಳನ್ನು ಕೊಯ್ದರು. ಒಳಮೈಯ ಒಂದೇ ಪದರದ ಜೀವಕೋಶಗಳು ನೀರನ್ನು ಹೊರದೂಡಿ ಕಾರ್ನಿಯವನ್ನು ತಿಳಿಯಾಗಿಡುತ್ತವೆ, ಅವು ಒಮ್ಮೆ ನಾಶವಾದರೆ ಮರಳಿ ಹುಟ್ಟುವುದಿಲ್ಲ ಎಂಬುದು ಆಗ ಸ್ಪಷ್ಟವಾಗಿ ತಿಳಿದಿರಲಿಲ್ಲ. ಮೊದಲ ವರ್ಷಗಳಲ್ಲಿ ಚೆನ್ನಾಗಿ ಕಂಡ ಈ ಕಣ್ಣುಗಳಲ್ಲಿ ಹೆಚ್ಚಿನವು ಸುಮಾರು ಎರಡು ದಶಕಗಳ ಬಳಿಕ ಊದಿಕೊಂಡು ಮಬ್ಬಾದವು. ಸಾತೊ ೧೯೬೦ರಲ್ಲೇ ತೀರಿಕೊಂಡಿದ್ದರಿಂದ ಈ ಅನಾಹುತದ ಪೂರ್ಣ ರೂಪವನ್ನು ಅವರು ಕಾಣಲಿಲ್ಲ.

ಫ್ಯೊದೊರೊವ್ ಈ ಕೆಲಸವನ್ನು ಮತ್ತೆ ಕೈಗೆತ್ತಿಕೊಂಡುದು ೧೯೭೦ರ ದಶಕದಲ್ಲಿ. ಇದರ ಬಗ್ಗೆ ಒಂದು ಕಥೆ ಬಹಳ ಪ್ರಚಾರದಲ್ಲಿದೆ. ಜಗಳದಲ್ಲಿ ಕನ್ನಡಕ ಒಡೆದು, ಗಾಜಿನ ಚೂರುಗಳು ಕಾರ್ನಿಯಕ್ಕೆ ಹೊಕ್ಕ ಬಾಲಕನೊಬ್ಬನು ಗಾಯ ಮಾಗಿದ ಮೇಲೆ ಕನ್ನಡಕವಿಲ್ಲದೆಯೇ ಮೊದಲಿಗಿಂತ ಚೆನ್ನಾಗಿ ಕಾಣತೊಡಗಿದನಂತೆ. ಅದನ್ನು ಕಂಡು ಇವರಿಗೆ ಹೊಳೆಯಿತಂತೆ. ಕಥೆ ಸೊಗಸಾಗಿದೆ, ಹಲವು ರೂಪಗಳಲ್ಲಿಯೂ ಸಿಗುತ್ತದೆ. ಆದರೆ ಸಾತೊ ಅವರ ಕೆಲಸ ಇವರ ಮುಂದಿತ್ತು ಎಂಬುದನ್ನು ಮರೆತು ಎಲ್ಲವನ್ನೂ ಆಕಸ್ಮಿಕಕ್ಕೆ ಒಪ್ಪಿಸುವುದು ಸರಿಯಲ್ಲ.

೧೯೭೪ರಿಂದ ಆರಂಭವಾದ ಈ ಚಿಕಿತ್ಸೆಯಲ್ಲಿ ಗೀರುಗಳು ಹೊರಮೈಗೆ ಮಾತ್ರ ಸೀಮಿತವಾದವು. ನಡುವಿನ ಕೆಲವು ಮಿಲಿಮೀಟರ್ ಅಗಲದ ಭಾಗವನ್ನು ಮುಟ್ಟದೆ, ಅಲ್ಲಿಂದ ಅಂಚಿನ ಕಡೆಗೆ ಗಾಡಿಚಕ್ರದ ಅರಗಳಂತೆ ಹದಿನಾರು ಗೀರುಗಳನ್ನು ಎಳೆಯಲಾಗುತ್ತಿತ್ತು. ಮುಂದೆ ಅವುಗಳ ಸಂಖ್ಯೆ ಎಂಟಕ್ಕೂ ನಾಲ್ಕಕ್ಕೂ ಇಳಿಯಿತು. ಕಾರ್ನಿಯದ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಗೀರು ಅದರ ಬಹುಪಾಲು ಆಳಕ್ಕೆ ಇಳಿಯಬೇಕು, ಆದರೆ ತೂತಾಗಬಾರದು. ಇದಕ್ಕಾಗಿ ವಜ್ರದ ಅಲಗಿನ ಚಾಕು ಬಳಕೆಗೆ ಬಂತು. ಕೊಯ್ದ ಅಂಚು ಸಡಿಲಗೊಂಡು ಹೊರಕ್ಕೆ ಉಬ್ಬಿದಾಗ ನಡುವಿನ ಭಾಗ ಚಪ್ಪಟೆಯಾಗುತ್ತದೆ. ಬಿಂಬ ಹಿಂದಕ್ಕೆ ಸರಿದು ಅಕ್ಷಿಪಟಲದ ಮೇಲೆ ಬೀಳುತ್ತದೆ. ಸಹೋದ್ಯೋಗಿ ದುರ್ನೆವ್ ಅವರೊಡನೆ ಫ್ಯೊದೊರೊವ್ ಗೀರುಗಳ ಸಂಖ್ಯೆ, ಆಳ, ರೋಗಿಯ ಕಾರ್ನಿಯದ ಅಳತೆ ಇವುಗಳನ್ನು ಲೆಕ್ಕಕ್ಕೆ ಒಳಪಡಿಸಿದರು. ಅವರ ನಿಜವಾದ ಕೊಡುಗೆ ಚಾಕುವಿಗಿಂತ ಈ ಲೆಕ್ಕದಲ್ಲಿದೆ ಎನ್ನಬಹುದು. ಕನ್ನಡಕವನ್ನು ಅವರು ಒಂದು ಬಗೆಯ ಊರುಗೋಲೆಂದೇ ಭಾವಿಸಿದ್ದರು.

ಕಾರ್ಖಾನೆಯ ಮಾದರಿಯ ಆಸ್ಪತ್ರೆ

ಮಾಸ್ಕೊದ ಅವರ ಪ್ರಯೋಗಾಲಯವು ೧೯೮೦ರಲ್ಲಿ ನೇತ್ರ ಸೂಕ್ಷ್ಮಶಸ್ತ್ರಚಿಕಿತ್ಸಾ ಸಂಶೋಧನಾ ಸಂಸ್ಥೆಯಾಯಿತು; ೧೯೮೬ರಲ್ಲಿ ದೇಶದ ಹಲವು ನಗರಗಳಲ್ಲಿ ಶಾಖೆಗಳುಳ್ಳ ಬೃಹತ್ ಸಂಕೀರ್ಣವಾಗಿ ಬೆಳೆಯಿತು. ಇಲ್ಲಿ ರೋಗಿಗಳು ಮಲಗಿದ ಮಂಚಗಳು ಒಬ್ಬ ವೈದ್ಯರಿಂದ ಮತ್ತೊಬ್ಬ ವೈದ್ಯರ ಬಳಿಗೆ ಸಾಗುತ್ತಿದ್ದವು. ಪ್ರತಿಯೊಬ್ಬರೂ ಶಸ್ತ್ರಚಿಕಿತ್ಸೆಯ ಒಂದೊಂದು ಹಂತವನ್ನು ಮಾತ್ರ ಮಾಡುತ್ತಿದ್ದರು. ಒಂದೇ ಕೆಲಸವನ್ನು ಸಾವಿರಾರು ಬಾರಿ ಮಾಡಿದ ಕೈ ತಪ್ಪುವುದು ಕಡಿಮೆ ಎಂಬುದು ಫ್ಯೊದೊರೊವ್ ಅವರ ವಾದ. ರೋಗಿಯನ್ನು ಮೋಟಾರು ಕಾರಿನಂತೆ ಕಾಣಲಾಗುತ್ತಿದೆ ಎಂಬುದು ಟೀಕಾಕಾರರ ಆಕ್ಷೇಪ. ಸಿಬ್ಬಂದಿಗೆ ಸಂಸ್ಥೆಯ ಗಳಿಕೆಯಲ್ಲಿ ಪಾಲು ದೊರೆಯುತ್ತಿತ್ತು, ವಿದೇಶಿ ರೋಗಿಗಳಿಂದ ಬಂದ ಹಣವನ್ನು ಸಂಸ್ಥೆ ತಾನೇ ಬಳಸಬಹುದಿತ್ತು. ಅಂದಿನ ಸೋವಿಯತ್ ವ್ಯವಸ್ಥೆಯಲ್ಲಿ ಇವೆರಡೂ ಅಪೂರ್ವ ಸವಲತ್ತುಗಳು. ಹಡಗೊಂದನ್ನೇ ಆಸ್ಪತ್ರೆಯಾಗಿ ಮಾರ್ಪಡಿಸಿ ವಿದೇಶದ ಬಂದರುಗಳಲ್ಲಿಯೂ ಚಿಕಿತ್ಸೆ ನಡೆಸಿದರು. ೧೯೮೭ರಲ್ಲಿ ಸಮಾಜವಾದಿ ಶ್ರಮವೀರ ಎಂಬ ಗೌರವ ಲಭಿಸಿತು.

ಅಮೆರಿಕದಲ್ಲಿ ಪರೀಕ್ಷೆ

ಲಿಯೊ ಬೋರ್ಸ್ ಎಂಬ ವೈದ್ಯರು ಸೋವಿಯತ್ ಒಕ್ಕೂಟದಲ್ಲಿ ಈ ವಿಧಾನವನ್ನು ಕಲಿತು ೧೯೭೮ರಲ್ಲಿ ಅಮೆರಿಕಕ್ಕೆ ಕೊಂಡೊಯ್ದರು. ಬೇಡಿಕೆ ಬೇಗನೆ ಬೆಳೆಯಿತು. ದೀರ್ಘಾವಧಿಯ ಫಲಿತಾಂಶ ಮಾತ್ರ ಯಾರ ಬಳಿಯೂ ಇರಲಿಲ್ಲ. ಆದ್ದರಿಂದ ಅಲ್ಲಿನ ರಾಷ್ಟ್ರೀಯ ನೇತ್ರ ಸಂಸ್ಥೆಯ ನೆರವಿನಿಂದ ೧೯೮೦ರ ದಶಕದ ಆರಂಭದಲ್ಲಿ, ಜಾರ್ಜ್ ವೇರಿಂಗ್ ಅವರ ನೇತೃತ್ವದಲ್ಲಿ, ಒಂಬತ್ತು ಕೇಂದ್ರಗಳಲ್ಲಿ ೪೩೫ ರೋಗಿಗಳನ್ನು ಒಳಗೊಂಡ ಅಧ್ಯಯನ ಆರಂಭವಾಯಿತು. ಸಂಕ್ಷಿಪ್ತವಾಗಿ ಪರ್ಕ್ ಎಂದು ಕರೆಯಲಾಗುವ ಈ ಅಧ್ಯಯನದ ಹತ್ತು ವರ್ಷಗಳ ಫಲಿತಾಂಶ ೧೯೯೪ರಲ್ಲಿ ಪ್ರಕಟವಾಯಿತು.

ಫಲಿತಾಂಶ ಎರಡು ಅಲಗಿನ ಕತ್ತಿಯಂತಿತ್ತು. ಸುಮಾರು ಶೇಕಡ ೭೦ರಷ್ಟು ರೋಗಿಗಳು ಹತ್ತು ವರ್ಷಗಳ ಬಳಿಕವೂ ದೂರದ ನೋಟಕ್ಕೆ ಕನ್ನಡಕ ಬಳಸುತ್ತಿರಲಿಲ್ಲ. ಅದೇ ವೇಳೆ ಶೇಕಡ ೪೩ರಷ್ಟು ಕಣ್ಣುಗಳು, ಚಿಕಿತ್ಸೆಯ ಆರು ತಿಂಗಳ ನಂತರದ ಸ್ಥಿತಿಗೆ ಹೋಲಿಸಿದರೆ, ಒಂದು ಡಯಾಪ್ಟರ್ ಅಥವಾ ಅದಕ್ಕೂ ಹೆಚ್ಚು ದೂರದೃಷ್ಟಿಯ ಕಡೆಗೆ ಸರಿದಿದ್ದವು. ಅಂದರೆ ಗೀರುಗಳು ಮಾಗಿದಂತೆ ಕಂಡರೂ ಕಾರ್ನಿಯ ಚಪ್ಪಟೆಯಾಗುತ್ತಲೇ ಹೋಗಿತ್ತು. ನಲವತ್ತು ದಾಟಿದವರಿಗೆ ಇದು ಇಮ್ಮಡಿ ತೊಂದರೆ. ಚಾಳೀಸಿನ ಜೊತೆಗೆ ದೂರದೃಷ್ಟಿಯೂ ಸೇರಿಕೊಂಡು, ಒಂದು ಕನ್ನಡಕ ಬಿಟ್ಟವರು ಎರಡು ಕನ್ನಡಕ ಹುಡುಕುವಂತಾಯಿತು. ಬೆಳಗ್ಗೆಗೂ ಸಂಜೆಗೂ ನೋಟ ಬದಲಾಗುವುದು, ರಾತ್ರಿ ದೀಪಗಳ ಸುತ್ತ ನಕ್ಷತ್ರದಂತೆ ಕಿರಣ ಚೆಲ್ಲಿ ಕಾಣುವುದು, ಪೆಟ್ಟು ಬಿದ್ದರೆ ಗೀರಿನ ಜಾಗದಲ್ಲೇ ಕಾರ್ನಿಯ ಬಿರಿಯುವುದು ಇತರ ದೋಷಗಳು.

ಇವುಗಳಲ್ಲಿ ಒಂದು ದೋಷವನ್ನು ಜಗತ್ತು ಅರಿತದ್ದು ಎವರೆಸ್ಟ್ ಪರ್ವತದ ಮೇಲೆ. ೧೯೯೬ರ ಮೇ ತಿಂಗಳಿನ ದುರಂತದಲ್ಲಿ ಸಿಲುಕಿದ ಅಮೆರಿಕದ ವೈದ್ಯ ಬೆಕ್ ವೆದರ್ಸ್ ಈ ಚಿಕಿತ್ಸೆ ಮಾಡಿಸಿಕೊಂಡವರಾಗಿದ್ದರು. ಆಮ್ಲಜನಕ ವಿರಳವಾದ ಎತ್ತರದಲ್ಲಿ ಕೊಯ್ದ ಭಾಗ ಊದಿಕೊಂಡು ಅವರ ನೋಟ ಬಹುತೇಕ ಹೋಯಿತು. ಮುಂದೆ ಹತ್ತಲಾಗದೆ ಕಾದು ಕುಳಿತಿದ್ದಾಗ ಬಿರುಗಾಳಿಗೆ ಸಿಕ್ಕಿಬಿದ್ದರು. ಜೀವ ಉಳಿಯಿತಾದರೂ ಹಿಮದ ಹುಣ್ಣಿನಿಂದ ಬಲಗೈಯನ್ನೂ ಎಡಗೈಯ ಬೆರಳುಗಳನ್ನೂ ಕಳೆದುಕೊಂಡರು.

ಚಾಕುವಿನಿಂದ ಲೇಸರಿಗೆ

ಮದ್ರಾಸು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದ ರಂಗಸ್ವಾಮಿ ಶ್ರೀನಿವಾಸನ್ ೧೯೮೧ರಲ್ಲಿ, ಹಬ್ಬದೂಟದಲ್ಲಿ ಮಿಕ್ಕಿದ ಟರ್ಕಿ ಕೋಳಿಯ ತುಂಡಿನ ಮೇಲೆ ಎಕ್ಸೈಮರ್ ಲೇಸರ್ ಪ್ರಯೋಗಿಸಿದರು. ೧೯೩ ನ್ಯಾನೊಮೀಟರ್ ತರಂಗಾಂತರದ ಆ ನೇರಳಾತೀತ ಕಿರಣವು ಸುತ್ತಲಿನ ಅಂಗಾಂಶವನ್ನು ಸುಡದೆ ಅತಿ ತೆಳುವಾದ ಪದರವನ್ನಷ್ಟೇ ಕಿತ್ತುಹಾಕುವುದನ್ನು ಅವರೂ ಸಹೋದ್ಯೋಗಿಗಳೂ ಕಂಡುಕೊಂಡರು. ೧೯೮೩ರಲ್ಲಿ ನೇತ್ರವೈದ್ಯ ಸ್ಟೀಫನ್ ಟ್ರೊಕೆಲ್ ಜೊತೆಗೂಡಿ ಇದನ್ನು ಕಾರ್ನಿಯದ ಮೇಲೆ ಪರೀಕ್ಷಿಸಲಾಯಿತು. ಆಳವಾಗಿ ಗೀರುವ ಬದಲು ಮೇಲ್ಮೈಯನ್ನೇ ಕೆತ್ತಿ ಚಪ್ಪಟೆ ಮಾಡುವ ವಿಧಾನ ೧೯೮೦ರ ದಶಕದ ಕೊನೆಯಲ್ಲಿ ರೋಗಿಗಳಿಗೆ ಲಭ್ಯವಾಯಿತು. ಕಾರ್ನಿಯದ ತೆಳು ಹಾಳೆಯೊಂದನ್ನು ಮೊದಲು ಎತ್ತಿ, ಅದರ ಕೆಳಗೆ ಕೆತ್ತಿ, ಮತ್ತೆ ಮುಚ್ಚುವ ಲೇಸಿಕ್ ವಿಧಾನ ಅದರ ಬೆನ್ನಲ್ಲೇ ಬಂತು. ೧೯೯೦ರ ದಶಕ ಮುಗಿಯುವ ವೇಳೆಗೆ ಸಮೀಪದೃಷ್ಟಿಗಾಗಿ ವಜ್ರದ ಚಾಕು ಹಿಡಿಯುವವರು ವಿರಳರಾದರು. ಫ್ಯೊದೊರೊವ್ ಅವರ ಸಂಸ್ಥೆಯೂ ಲೇಸರಿಗೆ ಹೊರಳಿತು.

ಫ್ಯೊದೊರೊವ್ ವಿಧಾನದಿಂದ ಕಲಿತ ಪಾಠಗಳು ಇಂದಿನ ಲೇಸರ್ ಚಿಕಿತ್ಸೆಯ ನಿಯಮಗಳಲ್ಲಿ ಉಳಿದಿವೆ. ಹದಿನೆಂಟು ವರ್ಷ ತುಂಬದವರಿಗೆ, ಕನ್ನಡಕದ ನಂಬರು ಇನ್ನೂ ಏರುತ್ತಿರುವವರಿಗೆ, ಕಾರ್ನಿಯ ತೆಳುವಾಗಿರುವವರಿಗೆ ಅಥವಾ ಶಂಕುವಿನಂತೆ ಮುಂಚಾಚುತ್ತಿರುವವರಿಗೆ, ಕಣ್ಣು ತೀವ್ರವಾಗಿ ಒಣಗುವವರಿಗೆ ವೈದ್ಯರು ಸಾಮಾನ್ಯವಾಗಿ ಕನ್ನಡಕವನ್ನೇ ಸೂಚಿಸುತ್ತಾರೆ. ಕನ್ನಡಕದ ಅಳತೆ ತಪ್ಪಿದರೆ ಬದಲಿಸಬಹುದು. ಕೆತ್ತಿದ ಕಾರ್ನಿಯವನ್ನು ಮರಳಿ ತುಂಬಲಾಗದು. ಅರ್ಹರಾದವರಲ್ಲಿ ಬಹುಪಾಲು ಮಂದಿ ಲೇಸರಿನ ಫಲದಿಂದ ತೃಪ್ತರಾಗಿರುವುದೂ ನಿಜವೇ. ಆದರೆ ಚಿಕಿತ್ಸೆ ಬದಲಿಸುವುದು ಕಾರ್ನಿಯದ ಆಕಾರವನ್ನು ಮಾತ್ರ. ಉದ್ದವಾಗಿರುವ ಗುಡ್ಡೆ ಹಾಗೆಯೇ ಇರುತ್ತದೆ. ಆದ್ದರಿಂದ ತೀವ್ರ ಸಮೀಪದೃಷ್ಟಿಯವರಿಗೆ ಅಕ್ಷಿಪಟಲ ಕಳಚುವ ಅಪಾಯ ಕನ್ನಡಕ ಬಿಟ್ಟ ಮೇಲೂ ತಪ್ಪುವುದಿಲ್ಲ. ಅಲ್ಲದೆ ಕನ್ನಡಕ ತೆಗೆದು ಹತ್ತಿರದಿಂದ ಓದುವ ಸಮೀಪದೃಷ್ಟಿಯವರ ಅನುಕೂಲವೂ ಚಿಕಿತ್ಸೆಯೊಂದಿಗೆ ಹೋಗುತ್ತದೆ, ಚಾಳೀಸು ಎಂದಿನಂತೆ ಬರುತ್ತದೆ. ಕನ್ನಡಕಕ್ಕೆ ಎಂದೆಂದಿಗೂ ವಿದಾಯ ಎಂಬ ಜಾಹೀರಾತಿನ ಮಾತಿನಲ್ಲಿ ಈ ಸಂಗತಿ ಮರೆಯಾಗುವುದುಂಟು.

ರಾಜಕೀಯ ಜೀವನ ಮತ್ತು ಮರಣ

೧೯೮೯ರಲ್ಲಿ ಫ್ಯೊದೊರೊವ್ ಸೋವಿಯತ್ ಜನಪ್ರತಿನಿಧಿಯಾಗಿ ಆಯ್ಕೆಯಾದರು. ೧೯೯೧ರಲ್ಲಿ ಬೋರಿಸ್ ಯೆಲ್ತ್ಸಿನ್ ರಷ್ಯಾದ ಪ್ರಧಾನಿಯ ಹುದ್ದೆಯನ್ನು ವಹಿಸಿಕೊಳ್ಳಲು ಕೇಳಿದಾಗ ನಿರಾಕರಿಸಿದರು. ಉದ್ಯಮಗಳು ದುಡಿಯುವವರ ಒಡೆತನದಲ್ಲಿರಬೇಕೆಂಬ ನಿಲುವಿನಿಂದ ಕಾರ್ಮಿಕರ ಸ್ವಯಮಾಡಳಿತ ಪಕ್ಷವನ್ನು ಸ್ಥಾಪಿಸಿ, ೧೯೯೫ರಲ್ಲಿ ಸಂಸತ್ತಿನ ಕೆಳಮನೆಯಾದ ಡೂಮಾವನ್ನು ಪ್ರವೇಶಿಸಿದರು. ೧೯೯೬ರ ಅಧ್ಯಕ್ಷೀಯ ಚುನಾವಣೆಯಲ್ಲಿ ಶೇಕಡ ಒಂದಕ್ಕಿಂತಲೂ ಕಡಿಮೆ ಮತ ಪಡೆದರು.

೨೦೦೦ದ ಜೂನ್ ೨ರಂದು ತಂಬೋವ್ ನಗರದ ಶಾಖೆಯಿಂದ ಹಿಂದಿರುಗುತ್ತಿದ್ದಾಗ, ಸಂಸ್ಥೆಗೆ ಸೇರಿದ ಹೆಲಿಕಾಪ್ಟರ್ ಮಾಸ್ಕೊದ ಹೊರವಲಯದಲ್ಲಿ ಪತನಗೊಂಡು ಫ್ಯೊದೊರೊವ್ ಮೃತಪಟ್ಟರು. ಆಗ ಅವರಿಗೆ ೭೨ ವರ್ಷ. ಅವರು ಕಟ್ಟಿದ ಮಾಸ್ಕೊದ ಸಂಸ್ಥೆ ಇಂದು ಅವರದೇ ಹೆಸರನ್ನು ಹೊತ್ತಿದೆ.