ಸೊಪ್ಪಿನ ಸತ್ವ ಮತ್ತು ಸುಬ್ಬರಾವ್

ಕ್ಯಾನ್ಸರ್ ರೋಗಿಯನ್ನು ಕಾಣಲು ನಮ್ಮಲ್ಲಿ ಯಾರೂ ಬರಿಗೈಯಲ್ಲಿ ಹೋಗುವುದಿಲ್ಲ. ಹಣ್ಣು, ಟಾನಿಕ್ಕು, ರಕ್ತ ಹೆಚ್ಚಿಸುವ ಮಾತ್ರೆ, ಯಾರೋ ಹೇಳಿದ ಕಷಾಯದ ಪುಡಿ, ಏನಾದರೊಂದು ಕೈಯಲ್ಲಿರುತ್ತದೆ. ಶಕ್ತಿ ಕೊಡುವ ಪದಾರ್ಥವೇ ಕೆಡುಕು ಮಾಡೀತೆಂಬ ಅನುಮಾನ ತಂದವರಿಗೂ ಇಲ್ಲ, ತೆಗೆದುಕೊಂಡವರಿಗೂ ಇಲ್ಲ. ಆದರೆ ಆ ಅನುಮಾನಕ್ಕೆ ಆಧಾರವಿದೆಯೆಂಬುದು ವೈದ್ಯವಿಜ್ಞಾನಕ್ಕೆ 1947ರ ವೇಳೆಗೇ ತಿಳಿದುಹೋಗಿತ್ತು. ಅದಕ್ಕೆ ಕಾರಣರಾದವರಲ್ಲಿ ಪ್ರಮುಖರು ಯೆಲ್ಲಾಪ್ರಗಡ ಸುಬ್ಬರಾವ್.

ಆಂಧ್ರದ ಭೀಮಾವರಂನಲ್ಲಿ 1895ರ ಜನವರಿ 12ರಂದು ಹುಟ್ಟಿದ ಸುಬ್ಬರಾವ್ ಮೆಟ್ರಿಕ್ಯುಲೇಷನ್ ದಾಟಿದ್ದು ಮೂರನೆಯ ಯತ್ನದಲ್ಲಿ. ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದರು. ಆಂಗ್ಲ ಪ್ರಾಧ್ಯಾಪಕರು ಮುನಿದರು. ಎಂಬಿಬಿಎಸ್ ಬದಲು ಅದಕ್ಕಿಂತ ಕೆಳದರ್ಜೆಯ ಎಲ್‌ಎಂಎಸ್ ಪ್ರಮಾಣಪತ್ರ ಕೈಗೆ ಬಂತು. ಅವರ ಇಬ್ಬರು ಸೋದರರು ಸ್ಪ್ರೂ ಎಂಬ ಕಾಯಿಲೆಯಿಂದ ತೀರಿಕೊಂಡಿದ್ದರು. ಉಂಡ ಅನ್ನದ ಸತ್ವವನ್ನು ಕರುಳು ಹೀರದೆ, ಹೊಟ್ಟೆ ತುಂಬಿದ್ದೂ ದೇಹ ಕ್ಷಯಿಸುವ ಕಾಯಿಲೆ ಅದು. ಆಹಾರದಲ್ಲಿರುವ ಯಾವುದೋ ಒಂದು ಸೂಕ್ಷ್ಮ ಪದಾರ್ಥದ ಮೇಲೆ ಬದುಕು ನಿಂತಿರಬಹುದೆಂಬುದನ್ನು ಅವರು ಕಲಿತದ್ದು ಪುಸ್ತಕದಿಂದ ಮಾತ್ರವಲ್ಲವೆಂದು ನನ್ನ ಭಾವನೆ.

1920ರ ದಶಕದ ಆರಂಭದಲ್ಲಿ ಪತ್ನಿಯನ್ನು ಊರಿನಲ್ಲಿ ಬಿಟ್ಟು ಬಾಸ್ಟನ್ನಿಗೆ ಹೋದರು, ಮತ್ತೆ ಮರಳಲಿಲ್ಲ. ಹುಟ್ಟಿದ ಮಗ ಹಸುಳೆಯಾಗಿದ್ದಾಗಲೇ ತೀರಿಕೊಂಡಿತು. ಆಸ್ಪತ್ರೆಯಲ್ಲಿ ಕೆಳದರ್ಜೆಯ ಚಾಕರಿ ಮಾಡುತ್ತಾ ಹಾರ್ವರ್ಡ್‌ನಲ್ಲಿ ಓದಿದರು. ಸೈರಸ್ ಫಿಸ್ಕ್ ಅವರೊಡನೆ 1925ರಲ್ಲಿ ರೂಪಿಸಿದ ರಂಜಕ ಅಳೆಯುವ ವಿಧಾನ ಇಬ್ಬರ ಹೆಸರನ್ನೂ ಪಠ್ಯಪುಸ್ತಕಗಳಿಗೆ ಸೇರಿಸಿತು. ಜೀವಕೋಶದ ಶಕ್ತಿಯ ನಾಣ್ಯವೆನಿಸಿದ ಎಟಿಪಿಯನ್ನು ಸ್ನಾಯುವಿನಲ್ಲಿ ಗುರುತಿಸಿದ ಕೆಲಸದಲ್ಲೂ ಅವರ ಪಾಲಿದೆ. ಇಷ್ಟಾದರೂ ಹಾರ್ವರ್ಡ್ ಕಾಯಂ ಹುದ್ದೆ ಕೊಡಲಿಲ್ಲ. 1940ರಲ್ಲಿ ನ್ಯೂಯಾರ್ಕ್ ಪ್ರಾಂತದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಪ್ರಯೋಗಾಲಯಕ್ಕೆ ಸೇರಿದರು.

ಅಲ್ಲಿ ಅವರು ಬೆನ್ನು ಹತ್ತಿದ್ದು ಫೋಲಿಕ್ ಆಮ್ಲವನ್ನು. ಇದರ ಕಥೆಗೂ ಒಂದು ಭಾರತೀಯ ತುದಿಯಿದೆ. 1930ರ ಸುಮಾರಿಗೆ ಮುಂಬಯಿಯ ಬಡ ಗರ್ಭಿಣಿಯರ ರಕ್ತಹೀನತೆಯನ್ನು ಲೂಸಿ ವಿಲ್ಸ್ ಎಂಬ ಬ್ರಿಟಿಷ್ ವೈದ್ಯೆ ಯೀಸ್ಟಿನ ಸಾರ ತಿನ್ನಿಸಿ ಗುಣಪಡಿಸಿದ್ದರು. ಆ ಸಾರದಲ್ಲಿದ್ದ ಗುಣಕಾರಿ ವಸ್ತು ಇದೇ. 1941ರಲ್ಲಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದಾಗ ಎಲೆ ಎಂಬರ್ಥದ ಲ್ಯಾಟಿನ್ ಪದದಿಂದ ಹೆಸರು ಬಂತು. 1945ರಲ್ಲಿ ಸುಬ್ಬರಾವ್ ತಂಡ ಅದನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿತು. ಸ್ಪ್ರೂ ರೋಗಿಗಳಿಗೂ ಅದು ಔಷಧವಾಯಿತು; ಸೋದರರ ಪಾಲಿಗೆ ಮಾತ್ರ ತಡವಾಗಿ.

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್, ರಕ್ತಹೀನತೆ ಕಳೆಯುವ ಈ ಪದಾರ್ಥ ರಕ್ತದ ಕ್ಯಾನ್ಸರಿಗೂ ಒದಗೀತೆಂದು ಊಹಿಸಿ, ಲೆಡರ್ಲಿಯಿಂದ ಬಂದ ಫೋಲಿಕ್ ಆಮ್ಲದ ರೂಪಗಳನ್ನು ಕೊಟ್ಟು ನೋಡಿದರು. ಕಾಯಿಲೆ ತಗ್ಗುವ ಬದಲು ಉಲ್ಬಣಿಸಿದಂತೆ ಕಂಡಿತು. ಪೋಷಕಾಂಶ ರೋಗಿಗಿಂತ ಮೊದಲು ರೋಗವನ್ನು ಪೋಷಿಸುತ್ತಿತ್ತು. ಹಾಗಾದರೆ ಅದನ್ನು ತಡೆಯುವ ವಸ್ತು ಬೇಕು. ಸುಬ್ಬರಾವ್ ತಂಡ ಫೋಲಿಕ್ ಆಮ್ಲವನ್ನೇ ಹೋಲುವ, ಅದರ ಕೆಲಸ ಮಾತ್ರ ಮಾಡದ ಅಣುಗಳನ್ನು ಕಟ್ಟಿಕೊಟ್ಟಿತು. ಅರ್ಥಶಾಸ್ತ್ರ ಓದಿದ ನನಗೆ ಇದು ಖೋಟಾ ನಾಣ್ಯದ ತಂತ್ರದಂತೆ ತೋರುತ್ತದೆ. ಕೋಶದೊಳಗಿನ ಕಿಣ್ವ ಅಸಲಿಯೆಂದು ನಂಬಿ ಹಿಡಿಯುತ್ತದೆ, ಅಲ್ಲಿಗೆ ವ್ಯವಹಾರ ಸ್ಥಗಿತ. ಅಮಿನಾಪ್ಟರಿನ್ ಎಂಬ ಆ ಮದ್ದನ್ನು ಪಡೆದ 16 ಮಕ್ಕಳಲ್ಲಿ 10 ಮಂದಿ ತಾತ್ಕಾಲಿಕವಾಗಿ ಚೇತರಿಸಿಕೊಂಡದ್ದು 1948ರ ಜೂನ್‌ನಲ್ಲಿ ಪ್ರಕಟವಾಯಿತು. ಆ ಲೇಖನದ ಕರ್ತೃಗಳ ಪಟ್ಟಿಯಲ್ಲಿ ಸುಬ್ಬರಾವ್ ಹೆಸರಿಲ್ಲ. ಟಿಪ್ಪಣಿ ಬರೆಯುವವನೊಬ್ಬ, ಸಹಿ ಹಾಕುವವನೊಬ್ಬ. ಕಡತಗಳ ನಡುವೆ ಬದುಕಿದವರಿಗೆ ಇದು ಹೊಸತಲ್ಲ.

ಎರಡೇ ತಿಂಗಳಲ್ಲಿ, 53ನೆಯ ವಯಸ್ಸಿನಲ್ಲಿ, ಸುಬ್ಬರಾವ್ ನ್ಯೂಯಾರ್ಕಿನಲ್ಲಿ ನಿಧನರಾದರು. ಅಮೆರಿಕದ ಪೌರತ್ವವನ್ನು ಅವರು ಪಡೆದಿರಲಿಲ್ಲ. 1995ರಲ್ಲಿ, ಜನ್ಮಶತಮಾನೋತ್ಸವಕ್ಕೆ, ನಮ್ಮ ಅಂಚೆ ಇಲಾಖೆ ಒಂದು ಚೀಟಿ ತಂದಿತು.

ಅಮಿನಾಪ್ಟರಿನ್ ಬಳಕೆ ನಿಂತರೂ ಅದರ ಸೋದರ ಮೆಥೋಟ್ರೆಕ್ಸೇಟ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿದೆ, ಕೀಲುವಾತಕ್ಕೂ ವಾರಕ್ಕೊಮ್ಮೆ ಕೊಡುತ್ತಾರೆ. ಅದರ ಜೊತೆ ಏನು ಸಲ್ಲುತ್ತದೆ, ಏನು ಸಲ್ಲದು ಎಂಬುದು ಸರಳ ಲೆಕ್ಕವಲ್ಲ. ಕ್ಯಾನ್ಸರಿಗೆ ಕೊಡುವಾಗ ವೈದ್ಯರಿಗೆ ತಿಳಿಸದೆ ನುಂಗಿದ ಫೋಲಿಕ್ ಆಮ್ಲದ ಮಾತ್ರೆ ಮದ್ದಿನ ಬಲ ಕುಗ್ಗಿಸಬಹುದು. ಕೀಲುವಾತಕ್ಕಾದರೆ ಅದೇ ಮಾತ್ರೆಯನ್ನು ವೈದ್ಯರೇ ಬರೆದುಕೊಡುತ್ತಾರೆ. ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಪೆಮೆಟ್ರೆಕ್ಸೆಡ್ ಇದೇ ವಂಶದ್ದು. ಅದಕ್ಕೆ ಫೋಲಿಕ್ ಆಮ್ಲ ಮೊದಲೇ ಕಡ್ಡಾಯ. ನೋವಿನ ಮಾತ್ರೆಗಳು ಮೂತ್ರಪಿಂಡದ ಮೂಲಕ ಮೆಥೋಟ್ರೆಕ್ಸೇಟ್ ಹೊರಹೋಗುವುದನ್ನು ತಡೆದು ವಿಷ ಏರಿಸಬಲ್ಲವು. ಸೋಂಕಿಗೆ ಕೊಡುವ ಕೋಟ್ರೈಮೊಕ್ಸಜೋಲ್ ಕೂಡ ಫೋಲಿಕ್ ಆಮ್ಲದ ಕೆಲಸಕ್ಕೇ ಅಡ್ಡಬರುವುದರಿಂದ ಇನ್ನೂ ಅಪಾಯ.

ಕ್ಯಾನ್ಸರ್ ಕೋಶದ ನಿರ್ದಿಷ್ಟ ಗುರಿಗೇ ಬಡಿಯುವ ಇಂದಿನ ಮಾತ್ರೆಗಳು ಈ ಖೋಟಾ ನಾಣ್ಯದ ಮೊಮ್ಮಕ್ಕಳು. 2001ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಇಮಾಟಿನಿಬ್ ಅನ್ನು ಊಟದೊಂದಿಗೆ, ಲೋಟ ತುಂಬ ನೀರಿನೊಂದಿಗೆ ನುಂಗಬೇಕು. ಅದೇ ಕಾಯಿಲೆಯ ನಿಲೋಟಿನಿಬ್ ಕ್ಯಾಪ್ಸೂಲಿಗೆ ಖಾಲಿ ಹೊಟ್ಟೆಯೇ ಬೇಕು. ಊಟದ ಜೊತೆ ರಕ್ತಕ್ಕೆ ಸೇರುವ ಪ್ರಮಾಣ ಏರಿ ಹೃದಯದ ಬಡಿತಕ್ಕೆ ತೊಂದರೆ. ದ್ರಾಕ್ಷಿಹಣ್ಣೆಂದು ತಪ್ಪಾಗಿ ತಿಳಿಯಲಾಗುವ ಗ್ರೇಪ್‌ಫ್ರೂಟ್ ಇವೆರಡಕ್ಕೂ ನಿಷಿದ್ಧ, ಏಕೆಂದರೆ ಕರುಳಿನಲ್ಲಿ ಔಷಧವನ್ನು ಕರಗಿಸಿ ಕಳೆಯುವ ಕಿಣ್ವವನ್ನು ಅದು ತಡೆಯುತ್ತದೆ. ಗ್ರೇಪ್‌ಫ್ರೂಟ್ ನಮ್ಮ ಪೇಟೆಯಲ್ಲಿ ಅಪರೂಪವೆಂದು ನಿಶ್ಚಿಂತೆ ಬೇಡ; ಅದು ಹುಟ್ಟಿದ್ದೇ ಚಕ್ಕೋತದ ಬೆರಕೆಯಿಂದ, ಅದೇ ಬಗೆಯ ವಸ್ತುಗಳು ಚಕ್ಕೋತದಲ್ಲೂ ಇವೆ. ದೇವನಹಳ್ಳಿಯ ಹಣ್ಣನ್ನು ರೋಗಿಗೆ ಒಯ್ಯುವ ಮುನ್ನ ವೈದ್ಯರನ್ನು ಕೇಳುವುದೊಳಿತು.

ಇವೆಲ್ಲ ಔಷಧದ ಡಬ್ಬಿಯೊಳಗಿನ ಕಾಗದದಲ್ಲಿ ಇರುತ್ತವೆ, ಮಡಚಿದ ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದ ಅಕ್ಷರಗಳಲ್ಲಿ. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ನಂತರ, ಯಾವ ಹಣ್ಣು ಬೇಡ, ಯಾವ ಟಾನಿಕ್ಕನ್ನು ವೈದ್ಯರಿಗೆ ತೋರಿಸಬೇಕು ಎಂದು ಕನ್ನಡದಲ್ಲಿ ಅರ್ಧ ಪುಟ ಅಚ್ಚು ಹಾಕಿಸಿ ಔಷಧದ ಜೊತೆ ಕೊಡಲು ತಗಲುವ ವೆಚ್ಚವನ್ನು ನಾನು ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದ್ದೇನೆ. ಲಕ್ಷಾಂತರ ರೂಪಾಯಿಯ ಚಿಕಿತ್ಸೆಯ ಪಕ್ಕದಲ್ಲಿ ಅದು ಒಂದು ಬಾಳೆಹಣ್ಣಿನ ಬೆಲೆಯೂ ಅಲ್ಲ.