ಡಾ. ಪ್ರಾಸ್ಪರ್ ಮೆನಿಯೇರ್: ತಲೆಸುತ್ತಿನ ಮೂಲವನ್ನು ಕಿವಿಯಲ್ಲಿ ಗುರುತಿಸಿದ ವೈದ್ಯರು

ಸುಲೇಪೇಟ, ಚಿಂಚೋಳಿ, ಸೇಡಂ ಭಾಗದಲ್ಲಿ ‘ಚಕ್ಕರ್’ ಎಂದು ಕರೆಯಲ್ಪಡುವ ತಲೆಸುತ್ತಿಗೆ ಪಿತ್ತ, ರಕ್ತಹೀನತೆ ಅಥವಾ ಬಿಸಿಲನ್ನು ಕಾರಣವಾಗಿ ಹೇಳುವುದು ವಾಡಿಕೆ. ಕಿವಿಯೂ ಇದಕ್ಕೆ ಕಾರಣವಾಗಿರಬಹುದೆಂಬ ವಿಚಾರವನ್ನು ವೈದ್ಯಲೋಕದ ಮುಂದೆ ಸ್ಪಷ್ಟವಾಗಿ ಮಂಡಿಸಿದವರು ಫ್ರಾನ್ಸ್ ದೇಶದ ಡಾ. ಪ್ರಾಸ್ಪರ್ ಮೆನಿಯೇರ್.

ಇವರು 1799ರಲ್ಲಿ ಆಂಜೆರ್ ಪಟ್ಟಣದಲ್ಲಿ ಜನಿಸಿದರು. ಪ್ಯಾರಿಸ್ ನಗರದಲ್ಲಿ ವ್ಯಾಸಂಗ ಮಾಡಿ 1828ರಲ್ಲಿ ವೈದ್ಯ ಪದವಿ ಪಡೆದರು. 1830ರ ಕ್ರಾಂತಿಯಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ನೀಡಿದರು. 1835ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಕಾಲರಾ ಹರಡಿದಾಗ ಸರ್ಕಾರದ ಪರವಾಗಿ ಅಲ್ಲಿಗೆ ತೆರಳಿ ಸೇವೆ ಸಲ್ಲಿಸಿದರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಬಯಸಿದರೂ ದೊರೆಯಲಿಲ್ಲ. 1838ರಲ್ಲಿ ಪ್ಯಾರಿಸ್ಸಿನ ಕಿವುಡ-ಮೂಕರ ಸಂಸ್ಥೆಯ ಮುಖ್ಯ ವೈದ್ಯರಾಗಿ ನೇಮಕಗೊಂಡು ಕೊನೆಯವರೆಗೂ ಅಲ್ಲಿಯೇ ಇದ್ದರು. ಕೈತಪ್ಪಿದ ಹುದ್ದೆಗಿಂತ ದೊರೆತ ಹುದ್ದೆಯೇ ಅವರ ಹೆಸರನ್ನು ಉಳಿಸಿತು ಎಂಬುದು ಗಮನಾರ್ಹ.

ಆ ಕಾಲದಲ್ಲಿ ಇದ್ದಕ್ಕಿದ್ದಂತೆ ತಲೆ ತಿರುಗಿ, ವಾಂತಿಯಾಗಿ, ಕುಸಿದು ಬೀಳುವವರಿಗೆ ಮಿದುಳಿನಲ್ಲಿ ರಕ್ತ ಕಟ್ಟಿದೆಯೆಂದು ತೀರ್ಮಾನಿಸಲಾಗುತ್ತಿತ್ತು. ರಕ್ತನಾಳ ಕತ್ತರಿಸಿ ರಕ್ತ ಹರಿಸುವುದು, ಜಿಗಣೆ ಹಚ್ಚುವುದು, ಭೇದಿ ಮಾಡಿಸುವುದು ಚಿಕಿತ್ಸೆಯಾಗಿತ್ತು. ಇದರಿಂದ ರೋಗಿ ಮತ್ತಷ್ಟು ನಿತ್ರಾಣಗೊಳ್ಳುತ್ತಿದ್ದನೇ ಹೊರತು ಗುಣವಾಗುತ್ತಿರಲಿಲ್ಲ. ಕಿವಿ ರೋಗಿಗಳನ್ನು ವರ್ಷಗಟ್ಟಲೆ ಗಮನಿಸುತ್ತಿದ್ದ ಮೆನಿಯೇರ್ ಅವರು, ಇಂತಹ ಹಲವರಲ್ಲಿ ಕಿವಿಯೊಳಗೆ ಮೊರೆತವಿರುವುದನ್ನೂ, ಕ್ರಮೇಣ ಶ್ರವಣಶಕ್ತಿ ಕುಂದುವುದನ್ನೂ ಕಂಡರು. ಮಿದುಳು ಕೆಟ್ಟಿದ್ದರೆ ಕಾಣಬೇಕಾದ ಪಾರ್ಶ್ವವಾಯುವಿನ ಲಕ್ಷಣಗಳು ಅವರಲ್ಲಿ ಇರಲಿಲ್ಲ. ಪಾರಿವಾಳಗಳ ಒಳಗಿವಿಯ ಅರ್ಧವೃತ್ತಾಕಾರದ ನಾಳಗಳನ್ನು ಕತ್ತರಿಸಿದಾಗ ಅವು ಗಿರಗಿರನೆ ಸುತ್ತುವುದನ್ನು ಫ್ಲೂರಾನ್ಸ್ ಎಂಬ ವಿಜ್ಞಾನಿ 1820ರ ದಶಕದಲ್ಲಿಯೇ ತೋರಿಸಿದ್ದರು. ಈ ಎರಡನ್ನೂ ಮೆನಿಯೇರ್ ಅವರು ಜೋಡಿಸಿದರು.

1861ರ ಜನವರಿ 8ರಂದು, ತಮ್ಮ 61ನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯಲ್ಲಿ ಅವರು ತಮ್ಮ ಪ್ರಬಂಧ ಓದಿದರು. ಚಳಿಗಾಲದ ರಾತ್ರಿ ಕುದುರೆ ಸಾರೋಟಿನಲ್ಲಿ ಪ್ರಯಾಣ ಮಾಡಿ, ಏಕಾಏಕಿ ಕಿವುಡಾಗಿ, ತಲೆಸುತ್ತಿನಿಂದ ಬಳಲಿ ಐದನೆಯ ದಿನ ಮೃತಳಾದ ಯುವತಿಯ ಶವಪರೀಕ್ಷೆಯನ್ನೂ ಅವರು ಆಧಾರವಾಗಿ ನೀಡಿದ್ದರು. ಆಕೆಯ ಮಿದುಳು ಸುಸ್ಥಿತಿಯಲ್ಲಿತ್ತು. ಒಳಗಿವಿಯ ನಾಳಗಳಲ್ಲಿ ಕೆಂಪು ದ್ರವ ತುಂಬಿತ್ತು. ಆಕೆಯ ಕಾಯಿಲೆ ಬೇರೆಯೇ ಇತ್ತೆಂದು ಈಗ ಭಾವಿಸಲಾಗಿದೆ. ಉದಾಹರಣೆ ತಪ್ಪಿದರೂ ತೀರ್ಮಾನ ತಪ್ಪಲಿಲ್ಲ. ಇದಾಗಿ 13 ತಿಂಗಳಲ್ಲಿ, 1862ರ ಫೆಬ್ರವರಿ 7ರಂದು, ಅವರು ನಿಧನರಾದರು. ಅವರ ಹೆಸರು ರೋಗಕ್ಕೆ ಬಂದದ್ದು ಆನಂತರ.

ಅವರಿಗೆ ತಿಳಿಯದೆ ಉಳಿದದ್ದು ದ್ರವದ ಲೆಕ್ಕ. ಒಳಗಿವಿಯಲ್ಲಿ ಎರಡು ಬಗೆಯ ದ್ರವಗಳಿವೆ. ಹೊರಪದರದ ದ್ರವದಲ್ಲಿ ಸೋಡಿಯಂ ಹೆಚ್ಚು. ತೆಳು ಪೊರೆಯ ಚೀಲದೊಳಗಿನ ದ್ರವದಲ್ಲಿ, ದೇಹದ ಇತರ ಜೀವಕೋಶಬಾಹ್ಯ ದ್ರವಗಳಿಗೆ ವ್ಯತಿರಿಕ್ತವಾಗಿ, ಪೊಟ್ಯಾಸಿಯಂ ಹೆಚ್ಚು. ತಲೆ ತಿರುಗಿಸಿದಾಗ ಮೂರು ಅರ್ಧವೃತ್ತ ನಾಳಗಳಲ್ಲಿನ ಈ ಒಳದ್ರವವು ತುಸು ಹಿಂದೆ ಉಳಿದು ಸೂಕ್ಷ್ಮ ರೋಮಕೋಶಗಳನ್ನು ಬಾಗಿಸುತ್ತದೆ. ಆ ಸಂದೇಶದಿಂದ ಮಿದುಳು ದೇಹದ ಸಮತೋಲನ ಕಾಯುತ್ತದೆ. ವಿಶೇಷ ಕೋಶಗಳು ಒಳದ್ರವವನ್ನು ಸ್ರವಿಸುತ್ತವೆ. ಒಂದು ಕಿರುನಾಳದ ತುದಿಯಲ್ಲಿರುವ ಚೀಲವು ಅದನ್ನು ಹೀರಿಕೊಳ್ಳುವಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಜಮಾ ಖರ್ಚು ಸರಿದೂಗಿದರೆ ತೊಂದರೆಯಿಲ್ಲ. ಜಮಾ ಮಿಕ್ಕರೆ ಪೊರೆ ಉಬ್ಬುತ್ತದೆ. ಮೆನಿಯೇರ್ ರೋಗಿಗಳ ಕಿವಿಯಲ್ಲಿ ಈ ಉಬ್ಬನ್ನು 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್ ಹಾಗೂ ಜಪಾನಿನ ಯಮಕಾವ ಅವರು ಪ್ರತ್ಯೇಕವಾಗಿ ಕಂಡುಹಿಡಿದರು. ಅದು ರೋಗದ ಕಾರಣವೋ ಪರಿಣಾಮವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಈ ರೋಗವನ್ನು ಪೂರ್ಣ ಗುಣಪಡಿಸುವ ಔಷಧ ಇನ್ನೂ ಇಲ್ಲ. ಊಟದಲ್ಲಿ ಉಪ್ಪು ಕಡಿಮೆ ಮಾಡುವಂತೆ ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ. ತಲೆಸುತ್ತಿನೊಂದಿಗೆ ಕಿವಿಯಲ್ಲಿ ಮೊರೆತ, ಮಂದಶ್ರವಣ ಇದ್ದಲ್ಲಿ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣತಕ್ಕದ್ದು. ಮಾತು ತೊದಲಿದರೆ ಅಥವಾ ಕೈಕಾಲು ಸೋತರೆ ಅದು ಮಿದುಳಿನ ಆಘಾತವಾಗಿರಬಹುದಾದ ಕಾರಣ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು.